ಬೇಲಿ ಹಾರಿ ಬಂದವರ ಲೆಕ್ಕ ಇಟ್ಟ ಚಾರ್ಲ್ಸ್ ಎಲ್ಟನ್

ಮಕ್ಕಳೇ, ಯರಗಟ್ಟಿಯಿಂದ ಸವದತ್ತಿ ದಾರಿ ಹಿಡಿಯಿರಿ, ಗೋಕಾಕದ ದಾರಿ ಹಿಡಿಯಿರಿ, ಇಲ್ಲವೇ ಬೆಳಗಾವಿಯ ಬಸ್ಸು ಹತ್ತಿರಿ. ಮುಂಗಾರು ಮಳೆ ಬಿದ್ದು ಒಂದೆರಡು ತಿಂಗಳು ಕಳೆದಿದ್ದರೆ ರಸ್ತೆಯ ಎರಡೂ ಬದಿಗೆ ಸೊಂಟದೆತ್ತರಕ್ಕೆ ಬೆಳೆದು ನಿಂತ ಒಂದು ಗಿಡ ನಿಮಗೆ ಕಾಣುತ್ತದೆ. ಅದರ ಎಲೆ ಗಜ್ಜರಿ ಎಲೆಯಂತೆ ಸೀಳುಸೀಳಾಗಿರುತ್ತದೆ. ತುದಿಯ ತುಂಬ ಅಕ್ಕಿಕಾಳಿನಂಥ ಬಿಳಿ ಹೂಗಳು. ಎಮ್ಮೆ ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತದೆ. ಬರಿಗೈಯಲ್ಲಿ ಕಿತ್ತರೆ ಕೆಲವರಿಗೆ ತುರಿಕೆ ಏಳುತ್ತದೆ, ಕೆಲವರಿಗೆ ಸೀನು ಬರುತ್ತದೆ. ಹೌದು, ಅದೇ ಕಾಂಗ್ರೆಸ್ ಕಸ. ವಿಜ್ಞಾನಿಗಳು ಅದನ್ನು ಪಾರ್ಥೇನಿಯಂ ಎಂದು ಕರೆಯುತ್ತಾರೆ.

ಈ ಗಿಡದ ತವರು ಮೆಕ್ಸಿಕೊ ಮತ್ತು ಅದರ ಸುತ್ತಲಿನ ಅಮೆರಿಕದ ಬಿಸಿನಾಡುಗಳು. ನಿಮ್ಮ ಮುತ್ತಜ್ಜ ಚಿಕ್ಕ ಹುಡುಗನಾಗಿದ್ದಾಗ ನಮ್ಮ ಹೊಲದ ಬದುಗಳ ಮೇಲೆ ಇದು ಇರಲಿಲ್ಲ. ಸಾವಿರಾರು ಕಿಲೋಮೀಟರ್ ದೂರದ ಗಿಡವೊಂದು ಇಲ್ಲಿಗೆ ಬಂದು, ಇಲ್ಲಿಯ ಹುಲ್ಲನ್ನೇ ಹಿಂದೆ ತಳ್ಳಿ ಬೆಳೆದದ್ದು ಹೇಗೆ? ಹೀಗೆ ಬೇರೆ ನಾಡಿನಿಂದ ಬಂದು ಹೊಸ ನೆಲದಲ್ಲಿ ಹತೋಟಿ ಮೀರಿ ಹಬ್ಬಿ ಹಾನಿ ಮಾಡುವ ಜೀವಿಗಳನ್ನು ಆಕ್ರಮಣಕಾರಿ ಜೀವಿಗಳು ಎನ್ನುತ್ತಾರೆ. ಇಂಥವುಗಳ ಕಥೆಗಳನ್ನು ಪ್ರಪಂಚದ ಎಲ್ಲ ಮೂಲೆಗಳಿಂದ ಕೂಡಿಸಿ, ಮೊದಲು ರೇಡಿಯೊದಲ್ಲಿ ಜನಸಾಮಾನ್ಯರಿಗೆ ಹೇಳಿ, ಆಮೇಲೆ ಪುಸ್ತಕವಾಗಿ ಬರೆದವರು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್. ಅವರ ಜೀವನವನ್ನು ಈಗ ನೋಡೋಣ.

ಅಣ್ಣನ ಜೊತೆ ಅಲೆದ ತಮ್ಮ

ಚಾರ್ಲ್ಸ್ ಸದರ್ಲೆಂಡ್ ಎಲ್ಟನ್ ಹುಟ್ಟಿದ್ದು 1900ನೇ ಇಸವಿಯ ಮಾರ್ಚ್ 29ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ. ತಂದೆ ಆಲಿವರ್ ಎಲ್ಟನ್ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು. ತಾಯಿ ಲೆಟಿಷಿಯಾ ಮಕ್ಕಳಿಗಾಗಿ ಪುಸ್ತಕ ಬರೆಯುತ್ತಿದ್ದರು. ಮನೆ ತುಂಬ ಪುಸ್ತಕಗಳಿದ್ದರೂ ಮೂವರು ಗಂಡುಮಕ್ಕಳಲ್ಲಿ ಕಿರಿಯವನಾದ ಚಾರ್ಲ್ಸನ ಮನಸ್ಸು ಹೊರಗಡೆಗೇ ಎಳೆಯುತ್ತಿತ್ತು. ಹಿರಿಯಣ್ಣ ಜೆಫ್ರಿಗೆ ಹಕ್ಕಿ, ಹುಳು, ಹೂವುಗಳ ಹುಚ್ಚು. ತಮ್ಮ ಅವನ ಬೆನ್ನು ಹತ್ತಿ ತಿರುಗುತ್ತಿದ್ದ. ಕಂಡದ್ದನ್ನು ಶಾಲೆಯ ದಿನಗಳಲ್ಲೇ ದಿನಚರಿಯಲ್ಲಿ ಬರೆದಿಡುವ ರೂಢಿ ಮಾಡಿಕೊಂಡ. ಯಾವ ಹಕ್ಕಿ, ಎಲ್ಲಿ, ಯಾವ ದಿನ, ಏನು ಮಾಡುತ್ತಿತ್ತು ಎಂಬ ಇಷ್ಟೇ ವಿವರ. ಈ ರೂಢಿ ಮುಪ್ಪಿನವರೆಗೂ ಬಿಡಲಿಲ್ಲ. ಜೆಫ್ರಿ 1927ರಲ್ಲಿ ತೀರಿಕೊಂಡರು. ಪ್ರಾಣಿಗಳನ್ನು ನೋಡುವುದನ್ನು ತನಗೆ ಕಲಿಸಿದ್ದು ಅಣ್ಣನೇ ಎಂದು ಎಲ್ಟನ್ ಕೊನೆಯವರೆಗೂ ನೆನೆಯುತ್ತಿದ್ದರು.

ಲಿವರ್‌ಪೂಲಿನಲ್ಲಿ ಶಾಲೆ ಮುಗಿಸಿ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಪ್ರಾಣಿಶಾಸ್ತ್ರ ಓದಲು ಸೇರಿದರು. ಆಗಿನ ಪ್ರಾಣಿಶಾಸ್ತ್ರ ಎಂದರೆ ಹೆಚ್ಚಾಗಿ ಸತ್ತ ಪ್ರಾಣಿಯನ್ನು ಮೇಜಿನ ಮೇಲಿಟ್ಟು ಕೊಯ್ದು ಒಳಗಿನ ಅಂಗಾಂಗ ನೋಡುವುದು. ಬದುಕಿರುವ ಪ್ರಾಣಿ ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ ಎಂದು ಕೇಳುವವರು ಕಡಿಮೆ. ಎಲ್ಟನ್‌ಗೆ ಈ ಪ್ರಶ್ನೆಗಳೇ ಮುಖ್ಯವಾಗಿ ಕಂಡವು.

ಹಿಮದ ನಾಡಿನಲ್ಲಿ ಸಿಕ್ಕ ಜಾಲ

1921ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರಿಗೆ ಒಂದು ಅವಕಾಶ ಒದಗಿತು. ನಾರ್ವೆ ದೇಶಕ್ಕೂ ಉತ್ತರದಲ್ಲಿ, ಉತ್ತರ ಧ್ರುವದ ಸಮೀಪ ಸ್ಪಿಟ್ಸ್‌ಬರ್ಗನ್ ಎಂಬ ಹಿಮದ ದ್ವೀಪವಿದೆ. ಆಕ್ಸ್‌ಫರ್ಡಿನ ತಂಡವೊಂದು ಅಲ್ಲಿಗೆ ಹೊರಟಿತ್ತು. ಜೂಲಿಯನ್ ಹಕ್ಸ್‌ಲಿ ಎಂಬ ವಿಜ್ಞಾನಿಗೆ ಸಹಾಯಕನಾಗಿ ಎಲ್ಟನ್ ಹೋದರು. ಬೇಸಿಗೆಯಲ್ಲೂ ಚಳಿ ಕೊರೆಯುವ ಆ ನೆಲದಲ್ಲಿ ಮರಗಳೇ ಇಲ್ಲ. ಪಾಚಿ, ಕಲ್ಲುಹೂವು, ಒಂದಿಷ್ಟು ಕುಳ್ಳ ಗಿಡಗಳು, ಕೆಲವು ಕೀಟಗಳು, ಕೆಲವೇ ಜಾತಿಯ ಹಕ್ಕಿಗಳು, ಹಿಮನರಿ.

ಇಷ್ಟು ಬಡ ನೆಲದಲ್ಲಿ ಕಲಿಯುವುದೇನಿದೆ ಎನಿಸಬಹುದು. ಆದರೆ ಜೀವಿಗಳು ಕಡಿಮೆ ಇದ್ದುದೇ ಅನುಕೂಲವಾಯಿತು! ನಮ್ಮ ಮಲಪ್ರಭಾ ದಂಡೆಯ ಒಂದು ತೋಟದಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂದು ಪಟ್ಟಿ ಮಾಡಹೊರಟರೆ ವರ್ಷಗಳೇ ಸಾಲವು. ಅಲ್ಲಿ ಮಾತ್ರ ಪೂರ್ತಿ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಯುವಂತಿತ್ತು. ಕಡಲ ಹಕ್ಕಿಯ ಹಿಕ್ಕೆ ಬಿದ್ದ ಕಡೆ ಗಿಡ ಹುಲುಸು. ಗಿಡದ ಮೇಲೆ ಕೀಟ, ಕೀಟಕ್ಕೆ ಜೇಡ ಮತ್ತು ಹಕ್ಕಿ, ಹಕ್ಕಿಗೆ ನರಿ. ಸಸ್ಯಶಾಸ್ತ್ರಜ್ಞ ಸಮ್ಮರ್‌ಹೇಸ್ ಅವರ ಜೊತೆಗೂಡಿ ಎಲ್ಟನ್ ಇದನ್ನೆಲ್ಲ ಬಾಣದ ಗುರುತುಗಳಿಂದ ಜೋಡಿಸಿ ಒಂದು ಚಿತ್ರ ಬರೆದರು. ಅದು 1923ರಲ್ಲಿ ಪ್ರಕಟವಾಯಿತು. ನಿಮ್ಮ ಪಠ್ಯಪುಸ್ತಕದಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ಬಾಣ ಹಾಕಿದ ಚಿತ್ರವಿದೆಯಲ್ಲ? ಎಲ್ಟನ್ ಬರೆದ ಚಿತ್ರ ಅಂಥ ಆಹಾರ ಜಾಲಗಳ ಹಿರಿಯಣ್ಣ.

ಎಲ್ಟನ್ 1923 ಮತ್ತು 1924ರಲ್ಲೂ ಹಿಮದ ನಾಡಿಗೆ ಹೋದರು. ಒಮ್ಮೆ ಮರಳುವ ದಾರಿಯಲ್ಲಿ ನಾರ್ವೆಯ ಟ್ರೋಮ್ಸೊ ಊರಿನ ಪುಸ್ತಕದಂಗಡಿಯಲ್ಲಿ ಆ ದೇಶದ ಸ್ತನಿಗಳ ಬಗೆಗಿನ ದಪ್ಪ ಪುಸ್ತಕವೊಂದು ಕಣ್ಣಿಗೆ ಬಿತ್ತು. ಕೈಯಲ್ಲಿ ಉಳಿದಿದ್ದ ಹಣ ಸ್ವಲ್ಪವೇ. ಪುಸ್ತಕ ಇದ್ದದ್ದು ನಾರ್ವೆಯ ಭಾಷೆಯಲ್ಲಿ. ಆ ಭಾಷೆ ಅವರಿಗೆ ಬಾರದು. ಆದರೂ ಕೊಂಡರು! ನಿಘಂಟು ಹಿಡಿದು ಒಂದೊಂದೇ ಪದ ಬಿಡಿಸಿ ಓದಿದರು. ಲೆಮಿಂಗ್ ಎಂಬ ಇಲಿಯಂಥ ಪ್ರಾಣಿ ಕೆಲವು ವರ್ಷಗಳಿಗೊಮ್ಮೆ ಲೆಕ್ಕವಿಲ್ಲದಷ್ಟು ಹೆಚ್ಚಿ, ಮತ್ತೆ ತಟ್ಟನೆ ಕುಸಿಯುತ್ತದೆ ಎಂಬ ವಿವರ ಅದರಲ್ಲಿತ್ತು.

ಅಲ್ಲಿಂದ ಅವರ ತಲೆ ತುಂಬ ಒಂದೇ ಪ್ರಶ್ನೆ. ಪ್ರಾಣಿಗಳ ಸಂಖ್ಯೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ? ಕೆನಡಾದಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ ಬೇ ಕಂಪನಿ ಹಲವು ತಲೆಮಾರುಗಳಿಂದ ತಾನು ಕೊಂಡ ಚರ್ಮಗಳ ಲೆಕ್ಕ ಬರೆದಿಟ್ಟಿತ್ತು. ವ್ಯಾಪಾರಿಗಳಿಗೆ ಅದು ಬರೀ ಜಮಾಖರ್ಚಿನ ಪುಸ್ತಕ. ಎಲ್ಟನ್‌ಗೆ ಅದು ಕಾಡಿನ ಜನಗಣತಿಯಂತೆ ಕಂಡಿತು. 1925ರಿಂದ 1931ರವರೆಗೆ ಅವರು ಆ ಕಂಪನಿಗೆ ಸಲಹೆಗಾರರಾಗಿದ್ದು ಲೆಕ್ಕಗಳನ್ನು ಜಾಲಾಡಿದರು. ಲಿಂಕ್ಸ್ ಎಂಬ ಕಾಡುಬೆಕ್ಕಿನ ಸಂಖ್ಯೆ ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಅದು ತಿನ್ನುವ ಮೊಲವೂ ಹಾಗೆಯೇ.

ಈ ನಡುವೆ 26ರ ವಯಸ್ಸಿನಲ್ಲಿ, ಮೂರು ತಿಂಗಳೊಳಗೆ, ಒಂದು ಚಿಕ್ಕ ಪುಸ್ತಕ ಬರೆದು ಮುಗಿಸಿದರು. 1927ರಲ್ಲಿ ಅಚ್ಚಾದ ಅದರ ವಿಷಯ ಪ್ರಾಣಿ ಪರಿಸರ ವಿಜ್ಞಾನ. ಆಹಾರ ಸರಪಳಿ ಎಂಬ ಮಾತು ವಿಜ್ಞಾನದಲ್ಲಿ ನೆಲೆಯೂರಿದ್ದು ಈ ಪುಸ್ತಕದಿಂದ. ಹೊಲದಲ್ಲಿ ಜೋಳದ ದಂಟು ಸಾವಿರಗಟ್ಟಲೆ, ಇಲಿ ನೂರಾರು, ಗೂಬೆ ಒಂದೋ ಎರಡೋ. ಹೀಗೆ ಮೇಲೆ ಹೋದಂತೆ ಸಂಖ್ಯೆ ಕಿರಿದಾಗುವುದನ್ನು ಸಂಖ್ಯಾ ಪಿರಮಿಡ್ ಎಂದು ತೋರಿಸಿಕೊಟ್ಟವರೂ ಅವರೇ. 1932ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಣಿಗಳ ಸಂಖ್ಯೆಯನ್ನು ಅಧ್ಯಯನ ಮಾಡುವ ಒಂದು ಪುಟ್ಟ ಕೇಂದ್ರವನ್ನು ಅವರು ಕಟ್ಟಿದರು. ಮುಂದಿನ 35 ವರ್ಷ ಅದೇ ಅವರ ಮನೆಯಂತಾಯಿತು.

ಐದು ಪ್ರಾಣಿಗಳು ಲಕ್ಷಗಟ್ಟಲೆ ಆದ ಕಥೆ

ಅದೇ ವರ್ಷ ಬ್ರಿಟನ್ನಿನಲ್ಲಿ ಮಸ್ಕ್‌ರ್ಯಾಟ್ ಎಂಬ ಪ್ರಾಣಿಯದೇ ಸುದ್ದಿ. ಇದು ಉತ್ತರ ಅಮೆರಿಕದ ನೀರಿಲಿ. ನಮ್ಮ ಹೆಗ್ಗಣಕ್ಕಿಂತ ದೊಡ್ಡದು, ಮೈತುಂಬ ಬೆಲೆಬಾಳುವ ತುಪ್ಪಳ. ಕೆರೆ, ಕಾಲುವೆಗಳ ಏರಿಯಲ್ಲಿ ಬಿಲ ತೋಡಿ ಇರುತ್ತದೆ. ಏರಿಯಲ್ಲಿ ಬಿಲ ಬಿದ್ದರೆ ಏನಾಗುತ್ತದೆ ಎಂದು ಕಾಲುವೆ ನೀರಿನ ಮೇಲೆ ಬದುಕುವ ನಿಮಗೆ ಹೇಳಬೇಕಾಗಿಲ್ಲ.

1905ರಲ್ಲಿ ಯೂರೋಪಿನ ಪ್ರಾಗ್ ನಗರದ ಬಳಿಯ ಒಬ್ಬ ಜಹಗೀರುದಾರ ಐದೇ ಐದು ಮಸ್ಕ್‌ರ್ಯಾಟ್‌ಗಳನ್ನು ತರಿಸಿ ತನ್ನ ಕೆರೆಯಲ್ಲಿ ಬಿಟ್ಟಿದ್ದ. ಅವು ಮರಿ ಹಾಕಿದವು, ಮರಿಗಳು ಮರಿ ಹಾಕಿದವು, ಹೊಳೆಗುಂಟ ಊರೂರಿಗೆ ಹೋದವು. ಬೇರೆ ದೇಶಗಳ ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡವೂ ಇವುಗಳಿಗೆ ಕೂಡಿಕೊಂಡವು. ಐವತ್ತು ವರ್ಷದೊಳಗೆ ಯೂರೋಪಿನ ಬಹುಭಾಗದಲ್ಲಿ ಅವು ಲಕ್ಷಗಟ್ಟಲೆ ಆಗಿದ್ದವು.

ಬ್ರಿಟನ್ನಿಗೂ 1920ರ ದಶಕದ ಕೊನೆಗೆ ತುಪ್ಪಳಕ್ಕಾಗಿ ಇವುಗಳನ್ನು ತಂದರು. ಕೆಲವು ಬೇಲಿ ಹಾರಿ ಓಡಿಹೋದವು. ಯೂರೋಪಿನ ಗತಿ ಕಣ್ಣೆದುರಿಗಿತ್ತು. ಹೀಗಾಗಿ ಸರ್ಕಾರ ತಡ ಮಾಡಲಿಲ್ಲ. 1932ರಲ್ಲೇ ಕಾನೂನು ಮಾಡಿ ಸಾಕಣೆಯನ್ನು ನಿರ್ಬಂಧಿಸಿತು, ಬೋನು ಇಡುವವರನ್ನು ನೇಮಿಸಿತು. ಎಲ್ಟನ್ ಅವರ ಕೇಂದ್ರದಲ್ಲಿ ಮಸ್ಕ್‌ರ್ಯಾಟ್ ಎಲ್ಲೆಲ್ಲಿ ಹಬ್ಬಿದೆ ಎಂಬ ಅಧ್ಯಯನ ನಡೆಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಸಿಕ್ಕಿಬಿದ್ದವು. 1930ರ ದಶಕ ಮುಗಿಯುವಷ್ಟರಲ್ಲಿ ಬ್ರಿಟನ್ನಿನಲ್ಲಿ ಒಂದೂ ಮಸ್ಕ್‌ರ್ಯಾಟ್ ಉಳಿದಿರಲಿಲ್ಲ! ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಅದೇ ಬೋನುಗಳಿಗೆ ನೀರುಕೋಳಿಯಂಥ ಸಾವಿರಾರು ಪಾಪದ ಜೀವಿಗಳೂ ಬಲಿಯಾದವು.

ಇದೇ ಬ್ರಿಟನ್ನಿನಲ್ಲಿ ಬೂದು ಅಳಿಲಿನ ಕಥೆ ಬೇರೆಯೇ ಆಯಿತು. 19ನೇ ಶತಮಾನದ ಕೊನೆಯಲ್ಲಿ ಚೆಂದಕ್ಕೆಂದು ಅಮೆರಿಕದಿಂದ ತಂದು ತೋಟಗಳಲ್ಲಿ ಬಿಟ್ಟ ಬೂದು ಅಳಿಲನ್ನು ಆಗ ಯಾರೂ ಅಪಾಯ ಎಂದು ಎಣಿಸಲಿಲ್ಲ. ಮುದ್ದಾಗಿತ್ತಲ್ಲ! ಅದು ಅಪಾಯ ಎಂದು ತಿಳಿಯುವ ಹೊತ್ತಿಗೆ ಹಿಡಿಯಲಾರದಷ್ಟು ಹಬ್ಬಿತ್ತು. ಆ ನಾಡಿನದೇ ಆದ ಕೆಂಪು ಅಳಿಲು ಇಂದು ಇಂಗ್ಲೆಂಡಿನ ಬಹುಪಾಲು ಕಡೆ ಇಲ್ಲವಾಗಿದೆ.

ಯುದ್ಧಕಾಲದ ಇಲಿಗಳು

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಹಡಗಿನಲ್ಲಿ ಬರುವ ಧಾನ್ಯಕ್ಕೆ ಅಡ್ಡಿಯಾದಾಗ ಬ್ರಿಟನ್ನಿಗೆ ಕಾಳುಕಾಳೂ ಮುಖ್ಯವಾಯಿತು. ಎಲ್ಟನ್ ತಮ್ಮ ಕೇಂದ್ರವನ್ನು ಇಲಿ, ಹೆಗ್ಗಣ, ಮೊಲಗಳಿಂದ ಆಹಾರ ಉಳಿಸುವ ಕೆಲಸಕ್ಕೆ ಹಚ್ಚಿದರು. ಗೋದಾಮಿನಲ್ಲಿ ವಿಷವಿಟ್ಟರೂ ಇಲಿಗಳು ಸಾಯುತ್ತಿರಲಿಲ್ಲ. ಏಕೆ? ಅವರ ಸಂಗಡಿಗರು ಇಲಿಗಳ ನಡವಳಿಕೆಯನ್ನೇ ಕುಳಿತು ನೋಡಿದರು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಮೊದಲ ದಿನ ಮುಟ್ಟುವುದೇ ಇಲ್ಲ, ಮುಟ್ಟಿದರೂ ಚೂರೇ ಕಡಿದು ಬಿಡುತ್ತದೆ. ಆದ್ದರಿಂದ ಕೆಲವು ದಿನ ಬರೀ ಕಾಳು ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ ವಿಷ ಬೆರೆಸುವ ಕ್ರಮ ಕಂಡುಕೊಂಡರು. ದಿನವೂ ಎಷ್ಟು ಕಾಳು ಖಾಲಿಯಾಯಿತೆಂದು ತೂಗಿ ನೋಡಿದರೆ ಎಷ್ಟು ಇಲಿಗಳಿವೆ ಎಂಬ ಅಂದಾಜೂ ಸಿಗುತ್ತಿತ್ತು. ಕೊಲ್ಲುವ ಮೊದಲು ಎಣಿಸುವುದು ಎಲ್ಟನ್ ಅವರ ಪದ್ಧತಿ. ಎಷ್ಟಿದ್ದವು ಎಂದು ಗೊತ್ತಿಲ್ಲದಿದ್ದರೆ ಎಷ್ಟು ಕಡಿಮೆಯಾದವು ಎಂದು ಹೇಳುವುದಾದರೂ ಹೇಗೆ?

ರೇಡಿಯೊದ ಮುಂದೆ ಕುಳಿತ ಜನ

ಎಲ್ಟನ್ ಸಂಕೋಚದ ಮನುಷ್ಯ. ಸಭೆ, ಸಮಾರಂಭ ಎಂದರೆ ದೂರ. 1937ರಲ್ಲಿ ಅವರು ಮದುವೆಯಾದ ಜಾಯ್ ಸ್ಕೋವೆಲ್ ಒಳ್ಳೆಯ ಕವಿ. ಅವರಿಗೆ ಇಬ್ಬರು ಮಕ್ಕಳು. ಮನೆ, ಕೇಂದ್ರ, ಕಾಡು ಇಷ್ಟರಲ್ಲೇ ಸುಖವಾಗಿದ್ದ ಈ ವಿಜ್ಞಾನಿ 1957ರಲ್ಲಿ ಬಿಬಿಸಿ ರೇಡಿಯೊದ ಮುಂದೆ ಕುಳಿತು ಮೂರು ಭಾಷಣ ಮಾಡಿದರು. ನಮ್ಮ ಹಿರಿಯರು ಧಾರವಾಡ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳುತ್ತಿದ್ದ ಹಾಗೆ ಅಲ್ಲಿ ಜನ ಮನೆಯಲ್ಲೇ ಕುಳಿತು ಕೇಳಿದರು. ಆ ಭಾಷಣಗಳನ್ನೇ ಬೆಳೆಸಿ ಮರುವರ್ಷ, ಅಂದರೆ 1958ರಲ್ಲಿ, ಪ್ರಾಣಿ ಮತ್ತು ಸಸ್ಯಗಳ ಆಕ್ರಮಣದ ಬಗ್ಗೆ ಪುಸ್ತಕ ತಂದರು. ವಿಜ್ಞಾನಿಗಳಿಗಷ್ಟೇ ಅರ್ಥವಾಗುವ ಭಾಷೆಯಲ್ಲಿ ಅವರು ಬರೆಯಲಿಲ್ಲ. ಇದು ನನಗೆ ಅವರ ಎಲ್ಲ ಕೆಲಸಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ ಹೊಸ ಕಳೆಯೊಂದು ಊರಿಗೆ ಬಂದಾಗ ಅದನ್ನು ಮೊದಲು ನೋಡುವವರು ರೈತರು, ದನ ಕಾಯುವವರು, ಶಾಲೆಗೆ ನಡೆದು ಹೋಗುವ ಮಕ್ಕಳು. ವಿಜ್ಞಾನಿ ಬರುವುದು ಆಮೇಲೆ.

ಅವರು ಹೇಳಿದ್ದೇನು? ಸಮುದ್ರ, ಬೆಟ್ಟಸಾಲು, ಮರುಭೂಮಿಗಳು ಲಕ್ಷಾಂತರ ವರ್ಷ ಭೂಮಿಯ ಜೀವಿಗಳ ನಡುವೆ ಬೇಲಿಯಂತೆ ನಿಂತಿದ್ದವು. ಒಂದೊಂದು ಬೇಲಿಯ ಒಳಗೆ ಬೇರೆ ಬೇರೆ ಜೀವಿಗಳು ಬೆಳೆದವು. ಗಿಡವಿದ್ದ ಕಡೆ ಅದನ್ನು ತಿನ್ನುವ ಹುಳು, ಹುಳುವಿದ್ದ ಕಡೆ ಅದನ್ನು ತಿನ್ನುವ ಹಕ್ಕಿ. ಮನುಷ್ಯನ ಹಡಗು, ರೈಲು, ವಿಮಾನಗಳು ಈಗ ಆ ಬೇಲಿಗಳನ್ನು ಮುರಿಯುತ್ತಿವೆ. ಹಡಗಿನಲ್ಲಿ ಬೀಜ ಬರುತ್ತದೆ, ಆದರೆ ಆ ಗಿಡವನ್ನು ತಿನ್ನುವ ಹುಳು ತವರಿನಲ್ಲೇ ಉಳಿಯುತ್ತದೆ. ಶತ್ರುವಿಲ್ಲದ ನೆಲದಲ್ಲಿ ಗಿಡಕ್ಕೆ ತಡೆ ಎಲ್ಲಿ?

ಪುಸ್ತಕದ ಒಂದು ಕಥೆಯನ್ನು ಕೇಳಿ. 1930ರ ಹೊತ್ತಿಗೆ ಆಫ್ರಿಕದ ಒಂದು ಮಲೇರಿಯ ಸೊಳ್ಳೆ ವೇಗದ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ದಕ್ಷಿಣ ಅಮೆರಿಕದ ಬ್ರೆಜಿಲ್ ಸೇರಿತು. ಅದು ಮನೆಯೊಳಗೇ ನುಗ್ಗಿ ಕಚ್ಚುವ, ಮಲೇರಿಯ ಹರಡುವುದರಲ್ಲಿ ಬಲು ಚುರುಕಾದ ಜಾತಿ. ಮೊದಲು ಒಂದೇ ಊರಿನಲ್ಲಿತ್ತು. ಅಲ್ಲಿ ಹಾವಳಿ ತಗ್ಗಿದಾಗ ಜನ ಮರೆತರು. ಸೊಳ್ಳೆ ಮಾತ್ರ ಸದ್ದಿಲ್ಲದೆ ಕರಾವಳಿಗುಂಟ ಸಾಗಿತ್ತು. 1938ರಲ್ಲಿ ಭಯಂಕರ ಮಲೇರಿಯ ಬಂತು, ಸಾವಿರಾರು ಜನ ಸತ್ತರು. ಆಗ ಎಚ್ಚೆತ್ತ ಸರ್ಕಾರ ಸಾವಿರಾರು ಕೆಲಸಗಾರರನ್ನು ಹಳ್ಳಿಹಳ್ಳಿಗೆ ಕಳಿಸಿತು. ಅವರು ಪ್ರತಿಯೊಂದು ನೀರಗುಂಡಿ ಹುಡುಕಿ ಮದ್ದು ಹಾಕಿದರು, ಮನೆಮನೆಗೆ ಸಿಂಪಡಿಸಿದರು. 1940ರ ಹೊತ್ತಿಗೆ ಆ ಸೊಳ್ಳೆ ಬ್ರೆಜಿಲಿನಿಂದ ಪೂರ್ತಿ ಮಾಯವಾಯಿತು. ಮೊದಲೇ, ಒಂದೇ ಊರಿನಲ್ಲಿದ್ದಾಗಲೇ ಈ ಕೆಲಸ ಮಾಡಿದ್ದರೆ? ಎಲ್ಟನ್ ಅವರ ಕಥೆಗಳನ್ನು ಓದುವಾಗ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಒಂದು ವಿಷಯ ಗಮನಿಸಿ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ. ನಾವು ಬೆಳೆಯುವ ಶೇಂಗಾ, ಗೋವಿನಜೋಳ, ಊಟಕ್ಕೆ ಬೇಕೇ ಬೇಕಾದ ಮೆಣಸಿನಕಾಯಿ ಇವೆಲ್ಲ ಅಮೆರಿಕದಿಂದ ಬಂದವುಗಳೇ. ಅವು ಬಿತ್ತಿದ ಕಡೆ ಇರುತ್ತವೆ, ಹೊಲ ಬಿಟ್ಟು ಓಡಿಹೋಗಿ ಗಾಂವಠಾಣ ತುಂಬುವುದಿಲ್ಲ. ಬಂದವುಗಳಲ್ಲಿ ಕೆಲವು ಮಾತ್ರ ಹತೋಟಿ ಮೀರುತ್ತವೆ. ಆ ಕೆಲವೇ ಸಾಕು.

ಅದೇ ಹೊತ್ತಿಗೆ ನಮ್ಮ ಕಡೆ

ಎಲ್ಟನ್ ರೇಡಿಯೊ ಭಾಷಣ ಮಾಡುವುದಕ್ಕೆ ಎರಡು ವರ್ಷ ಮೊದಲು, 1955ರಲ್ಲಿ, ನಮ್ಮ ಬೆಳಗಾವಿಯ ಉತ್ತರಕ್ಕಿರುವ ಪುಣೆ ನಗರದಲ್ಲಿ ಸಸ್ಯಶಾಸ್ತ್ರಜ್ಞರು ತಿಪ್ಪೆಗಳ ಮೇಲೆ ಬೆಳೆದಿದ್ದ ಒಂದು ಹೊಸ ಗಿಡವನ್ನು ಗುರುತಿಸಿದರು. ಅದೇ ಪಾರ್ಥೇನಿಯಂ. ವಿದೇಶದಿಂದ ತರಿಸಿದ ಗೋಧಿಯ ಜೊತೆ ಬಂತು ಎಂದು ಬಹಳ ಜನ ಹೇಳುತ್ತಾರೆ. ಅದಕ್ಕೂ ಎಷ್ಟೋ ಹಿಂದೆ ಭಾರತದಲ್ಲಿ ಒಣಗಿಸಿಟ್ಟ ಒಂದೆರಡು ಮಾದರಿಗಳೂ ಸಿಕ್ಕಿವೆ. ಹೇಗೇ ಬಂದಿರಲಿ, ಹಬ್ಬಿದ್ದು ಮಾತ್ರ ಆಮೇಲೆ. ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬೀಜ ಎಳ್ಳಿಗಿಂತ ಸಣ್ಣದು. ಲಾರಿಯ ಗಾಲಿಗೆ ಮೆತ್ತಿದ ಕೆಸರು, ಹರಿಯುವ ನ��ರು, ಗೊಬ್ಬರದ ಚಕ್ಕಡಿ, ಬೀಸುವ ಗಾಳಿ ಯಾವುದಾದರೂ ಅದಕ್ಕೆ ಸವಾರಿಯೇ. ರಸ್ತೆಗಳು ಕೂಡುವ ಯರಗಟ್ಟಿಯಂಥ ಊರಿಗೆ ಅದು ಬಾರದೆ ಇದ್ದೀತೆ?

1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಅಪಾಯಕಾರಿ ಕಳೆ ಎಂದು ಘೋಷಿಸಿತು. ಬ್ರಿಟನ್ನಿನ ಮಸ್ಕ್‌ರ್ಯಾಟ್ ಕಾನೂನು ಬಂದಾಗ ಪ್ರಾಣಿಗಳು ಕೆಲವು ಹೊಳೆಗಳ ಬಳಿ ಮಾತ್ರ ಇದ್ದವು. ನಮ್ಮ ಕಾನೂನು ಬಂದಾಗ ಪುಣೆಯ ತಿಪ್ಪೆಯ ಗಿಡ 20 ವರ್ಷ ದಾರಿ ಸವೆಸಿಯಾಗಿತ್ತು. ಬೋನು ಇಟ್ಟು ಮುಗಿಸುವ ಕಾಲ ದಾಟಿತ್ತು.

ಆಗ ಬೆಂಗಳೂರಿನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಗಿಡ ಬಂದಿದೆ, ಅದರ ಶತ್ರು ಬಂದಿಲ್ಲ. ಹಾಗಾದರೆ ಶತ್ರುವನ್ನೇ ಕರೆತಂದರೆ? 1983ರಲ್ಲಿ ಮೆಕ್ಸಿಕೊದಿಂದ ಜೈಗೊಗ್ರಾಮ ಎಂಬ ಪುಟ್ಟ ಜೀರುಂಡೆಯನ್ನು ತರಿಸಿದರು. ಹಳದಿಗೂಡಿದ ಬಿಳಿಯ ಬೆನ್ನಿನ ಮೇಲೆ ಕಂದು ಗೆರೆ ಎಳೆದಂತಿರುವ ಹುಳು ಅದು. ನಮ್ಮ ಬೆಳೆಗಳನ್ನು ತಿನ್ನುವುದೇ ಎಂದು ಮೊದಲು ಬಂದೋಬಸ್ತಿನಲ್ಲಿಟ್ಟು ಪರೀಕ್ಷೆ ಮಾಡಿದರು. 1984ರಲ್ಲಿ ಬೆಂಗಳೂರಿನಲ್ಲಿ ಹೊರಗೆ ಬಿಟ್ಟರು. ಕೆಲವು ವರ್ಷಗಳ ಮೇಲೆ ಸೂರ್ಯಕಾಂತಿ ಹೊಲದಲ್ಲಿ ಅದೇ ಜೀರುಂಡೆ ಎಲೆ ಕಡಿಯುತ್ತಿರುವುದು ಕಂಡು ಗಾಬರಿಯಾಯಿತು! ಮತ್ತೆ ಪರೀಕ್ಷೆಗಳು ನಡೆದವು. ಪಾರ್ಥೇನಿಯಂ ಹೂವಿನ ಪರಾಗ ಗಾಳಿಗೆ ಹಾರಿ ಬಂದು ಸೂರ್ಯಕಾಂತಿ ಎಲೆಯ ಮೇಲೆ ಕುಳಿತಿದ್ದರಿಂದ ಹುಳು ಅದನ್ನು ಕಡಿದಿತ್ತು. ಸೂರ್ಯಕಾಂತಿಯನ್ನೇ ನಂಬಿ ಅದು ಸಂಸಾರ ಬೆಳೆಸಲಾರದು ಎಂದು ತಿಳಿದ ಮೇಲೆ ಸಮಾಧಾನವಾಯಿತು. ಗಾಬರಿಪಟ್ಟ ರೈತರದೇನೂ ತಪ್ಪಿಲ್ಲ. ಹೊಸ ಜೀವಿಯನ್ನು ತಂದಾಗ ಅಷ್ಟು ಅನುಮಾನ ಇರಲೇಬೇಕು.

ಮಳೆಗಾಲದಲ್ಲಿ ಈ ಜೀರುಂಡೆ ಕೆಲವು ಕಡೆ ಗಿಡವನ್ನು ಎಲೆಯಿಲ್ಲದ ಕಡ್ಡಿ ಮಾಡಿಬಿಡುತ್ತದೆ. ಒಣ ದಿನಗಳಲ್ಲಿ ಮಣ್ಣಿನೊಳಗೆ ಹೋಗಿ ಮಲಗುತ್ತದೆ. ಗಿಡ ಆಗ ಮತ್ತೆ ಚಿಗುರುತ್ತದೆ. ಹುಳು ಒಂದರಿಂದಲೇ ಕೆಲಸ ಮುಗಿಯುವುದಿಲ್ಲ. ನಮ್ಮ ಪಕ್ಕದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಪಾರ್ಥೇನಿಯಂ ಹತೋಟಿಯ ಬಗ್ಗೆಯೇ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದು ದೇಶವಿದೇಶಗಳ ವಿಜ್ಞಾನಿಗಳು ಸೇರಿದ್ದರು. ಜನರಿಗೆ ತಿಳಿಸಲೆಂದೇ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುವ ರೂಢಿಯೂ ಬಂದಿದೆ. ಆಗಸ್ಟ್ ಏಕೆ ಗೊತ್ತೇ? ಆಗ ಮಣ್ಣು ಹಸಿಯಾಗಿರುತ್ತದೆ, ಗಿಡ ಬೇರುಸಹಿತ ಬರುತ್ತದೆ. ಹೂ ಬಿಡುವ ಮೊದಲು ಕಿತ್ತರೆ ಬೀಜ ಬೀಳುವುದಿಲ್ಲ. ಶಾಲೆಯಲ್ಲಿ ಈ ಕೆಲಸ ಮಾಡುವುದಾದರೆ ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ, ಗುರುಗಳು ಜೊತೆಗಿರಲಿ. ತುರಿಕೆ, ದಮ್ಮು ಇರುವವರು ದೂರ ನಿಂತು ಎಣಿಸುವ ಕೆಲಸ ಮಾಡಬಹುದು. ಎಣಿಸುವುದೂ ಸಣ್ಣ ಕೆಲಸವೇನಲ್ಲ, ಎಲ್ಟನ್ ಮಾಡಿದ್ದು ಅದನ್ನೇ ಅಲ್ಲವೇ?

ಬದುವಿನ ಮೇಲಿನ ಗಿಡಗಂಟಿ

ಹೊರಗಿನ ಜೀವಿ ಎಂಥ ಜಾಗಕ್ಕೆ ಸುಲಭವಾಗಿ ನುಗ್ಗುತ್ತದೆ? ಇದು ಎಲ್ಟನ್ ಅವರನ್ನು ಕಾಡಿದ ಇನ್ನೊಂದು ಪ್ರಶ್ನೆ. ನೂರಾರು ಬಗೆಯ ಗಿಡ, ಹುಳು, ಹಕ್ಕಿಗಳಿರುವ ಕಾಡಿನಲ್ಲಿ ಹೊಸಬರಿಗೆ ಜಾಗ ಸಿಗುವುದು ಕಷ್ಟ, ಒಂದೇ ಬೆಳೆಯ ಹೊಲ, ಬೋಳು ನೆಲ, ಪುಟ್ಟ ದ್ವೀಪಗಳಲ್ಲಿ ಸುಲಭ ಎಂದು ಅವರು ವಾದಿಸಿದರು. ಅದಕ್ಕಾಗಿಯೇ ಇಂಗ್ಲೆಂಡಿನ ಹೊಲಗಳ ನಡುವಿನ ಹಳೆಯ ಪೊದೆಬೇಲಿಗಳನ್ನು ಕಡಿಯಬಾರದು, ಅವು ನೂರಾರು ಜೀವಿಗಳಿಗೆ ಆಸರೆ ಎಂದು ಪುಸ್ತಕದ ಕೊನೆಯಲ್ಲಿ ಒತ್ತಿ ಬರೆದರು. ನಮ್ಮ ಹೊಲದ ಬದುವಿನ ಮೇಲೆ ಬೇವು, ಜಾಲಿ, ಕರಕಿ, ತಂಗಡಿ ಇದ್ದಂತೆ. ಮುಂದೆ ಬಂದ ಸಂಶೋಧಕರು ಇದನ್ನು ಹಲವು ಕಡೆ ಪರೀಕ್ಷಿಸಿದಾಗ ಎಲ್ಲ ಕಡೆಯೂ ಅವರು ಹೇಳಿದಂತೆಯೇ ಇರಲಿಲ್ಲ. ಬಗೆಬಗೆಯ ಗಿಡಗಳಿರುವ ನೆಲಕ್ಕೂ ಕೆಲವೊಮ್ಮೆ ಹೊಸಬರು ನುಗ್ಗುತ್ತಾರೆ. ವಿಜ್ಞಾನದಲ್ಲಿ ಹೀಗಾಗುವುದು ಸಹಜ. ಪ್ರಶ್ನೆ ಹಾಕಿದವರು ಅವರು, ಅದಕ್ಕೆ ಉತ್ತರ ಹುಡುಕುವ ಕೆಲಸ ಇನ್ನೂ ನಡೆದಿದೆ.

ಆಕ್ಸ್‌ಫರ್ಡಿನ ಪಕ್ಕದಲ್ಲೇ ವೈಥಮ್ ಎಂಬ ಕಾಡಿದೆ. 1940ರ ದಶಕದಿಂದ ಎಲ್ಟನ್ ಅಲ್ಲಿ ಒಂದೊಂದು ಜೀವಿಯನ್ನೂ ಗುರುತಿಸುತ್ತ ನಡೆದರು. ಬಿದ್ದು ಕೊಳೆಯುವ ಮರದ ದಿಮ್ಮಿಯಲ್ಲಿ ಎಷ್ಟು ಬಗೆಯ ಹುಳುಗಳಿವೆ, ಒಣಗಿದ ದಂಟಿನೊಳಗೆ ಯಾರಿದ್ದಾರೆ ಎಂದೆಲ್ಲ ಬರೆದಿಟ್ಟರು. 20 ವರ್ಷಕ್ಕೂ ಹೆಚ್ಚು ಕಾಲದ ಈ ನೋಟಗಳಿಂದ 1966ರಲ್ಲಿ ಇನ್ನೊಂದು ದೊಡ್ಡ ಪುಸ್ತಕ ಬಂತು. ಮರುವರ್ಷ ಅವರು ನಿವೃತ್ತರಾದರು. ಅವರ ಕೇಂದ್ರವನ್ನೂ ವಿಶ್ವವಿದ್ಯಾಲಯ ಮುಚ್ಚಿತು. 1970ರಲ್ಲಿ ಡಾರ್ವಿನ್ ಪದಕ, 1976ರಲ್ಲಿ ಟೈಲರ್ ಪ್ರಶಸ್ತಿ ಅವರಿಗೆ ಸಂದವು.

ಎಲ್ಟನ್ 1991ರ ಮೇ 1ರಂದು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಆಗ ಅವರಿಗೆ 91 ವರ್ಷ. ಅವರ ಆಕ್ರಮಣದ ಪುಸ್ತಕ ಮೊದಲು ಬಂದು 62 ವರ್ಷಗಳಾದ ಮೇಲೆ, 2020ರಲ್ಲಿ, ಮತ್ತೊಮ್ಮೆ ಅಚ್ಚಾಯಿತು. ಈ ಸಲ ಅದರಲ್ಲಿ ಈಗಿನ ಇಬ್ಬರು ವಿಜ್ಞಾನಿಗಳ ಬರಹವೂ ಸೇರಿದೆ. ಎಲ್ಟನ್ ಬರೆದದ್ದರಲ್ಲಿ ಯಾವುದು ನಿಂತಿದೆ, ಯಾವುದು ಬದಲಾಗಿದೆ, ಅವರ ಪಟ್ಟಿಗೆ ಆಮೇಲೆ ಯಾವ ಹೊಸ ಜೀವಿಗಳು ಸೇರಿವೆ ಎಂದು ಅವರು ತಿಳಿಸಿದ್ದಾರೆ.